ಲಡ್ಲೋ ಊರಿಗೆ ಹಾಕಿದ ಮುತ್ತಿಗೆ

ನಮ್ಮೂರ ಚರ್ಚಿನ ಗೋಪುರದಲ್ಲಿ ಆರು ಗಂಟೆ, ಆರು ಹಗ್ಗ, ಆರು ಜನ. ಐದನೆಯ ಹಗ್ಗ ನನ್ನದು. ಎರಡನೆಯದು ಸಿರಿಲ್ ಹಾಬ್ಡೇಯದು. ಮೂವತ್ತೈದು ವರ್ಷ ಊರಿನವರ ಕಾಗದಗಳನ್ನು ಮನೆಮನೆಗೆ ಮುಟ್ಟಿಸಿ ನಿವೃತ್ತನಾದ ಈ ಅಂಚೆಯವನು ತನ್ನದೊಂದು ಕಾಗದ ಬರೆಯಲಾಗದೆ ಮುದುಕನಾದ ಕಥೆ ಇದು.

ಪ್ರತಿ ಬೇಸಿಗೆಯಲ್ಲಿ ಗಂಟೆಯವರೆಲ್ಲ ಯಾವುದಾದರೂ ಹಳೆಯ ಊರಿಗೆ ಹೋಗಿ, ಎರಡು ದಿನ ಇದ್ದು, ಕೋಟೆ ಕೊತ್ತಲ ನೋಡಿ, ಅಲ್ಲಿನ ಗೋಪುರದಲ್ಲಿ ಗಂಟೆ ಬಾರಿಸಿ ಬರುವುದು ನಮ್ಮ ವಾಡಿಕೆ. ಈ ದಂಡಯಾತ್ರೆಗೆ ಇಪ್ಪತ್ತೆರಡು ವರ್ಷಗಳಿಂದ ಸಿರಿಲ್ಲನೇ ಸೇನಾಪತಿ. ಗೆದ್ದು ಬಂದ ಊರಿಗೆಲ್ಲ ಗೋಪುರದ ಗೋಡೆಯ ನಕಾಶೆಯಲ್ಲಿ ಕೆಂಪು ಗುಂಡುಸೂಜಿ ಚುಚ್ಚುತ್ತಾನೆ. ಲೆಮ್‌ಸ್ಟರ್, ಟೆನ್‌ಬರಿ, ಕ್ಲನ್, ಮಚ್ ವೆನ್‌ಲಾಕ್. ಸೂಜಿಗಳು ವರ್ಷ ವರ್ಷವೂ ಹೆಚ್ಚಿ ಒಂದು ಚಕ್ರವಾಗಿದ್ದವು. ಚಕ್ರದ ನಟ್ಟನಡುವೆ ಲಡ್ಲೋ. ಅಲ್ಲಿ ಮಾತ್ರ ಸೂಜಿಯಿಲ್ಲ. ಅಭಿಮನ್ಯುವಿಗೆ ಚಕ್ರವ್ಯೂಹದಿಂದ ಹೊರಬರಲು ಗೊತ್ತಿರಲಿಲ್ಲ. ನಮ್ಮ ಮಹಾರಥಿಗೆ ಒಳಹೋಗಲೇ ಗೊತ್ತಿರಲಿಲ್ಲ.

ಲಡ್ಲೋದಲ್ಲಿ ಹೆಸ್ಟರ್ ಯಾರ್ನಾಲ್ಡ್ ಇದ್ದಳು. ಮೂವತ್ತೊಂದು ವರ್ಷದ ಹಿಂದೆ ನಮ್ಮ ಗೋಪುರದ ಮೂರನೆಯ ಹಗ್ಗ ಅವಳದು. ನಮ್ಮ ಬಾರಿಸಾಟದಲ್ಲಿ ಸುತ್ತು ಸುತ್ತಿಗೂ ಗಂಟೆಗಳ ಸರದಿ ಬದಲಾಗುತ್ತದೆ. ಈ ಸಲ ಯಾರ ಹಿಂದೆ ನಾನು ಎಂದು ಕಣ್ಣಿನಲ್ಲೇ ಹುಡುಕಿ ಹಗ್ಗ ಎಳೆಯಬೇಕು. ಸಿರಿಲ್ಲನ ಕಣ್ಣು ಹುಡುಕುವ ಮೊದಲೇ ಮೂರರ ಹಗ್ಗದ ಮೇಲಿರುತ್ತಿತ್ತು. ಅವಳು ಲಡ್ಲೋದ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿ ಹೊರಟಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಆ ಕಡೆ ಬಂದ್ರೆ ಖಂಡಿತ ಮನೆಗೆ ಬನ್ನಿ, ಹಾಬ್ಡೇ ಅವ್ರೇ," ಅಂದಿದ್ದಳು.

ನಮ್ಮ ಜನ "ಖಂಡಿತ ಬನ್ನಿ" ಅಂದರೆ ಅದು "ಮೋಡ ಹಾಕಿದೆ" ಅಂದ ಹಾಗೆ. ದಿನ ಹೇಳಿ, ಹೊತ್ತು ಹೇಳಿದರೆ ಮಾತ್ರ ಅದು ಕರೆ. ಬರಿಯ "ಬನ್ನಿ"ಯನ್ನು ನಂಬಿ ಹೋಗಿ ಬಾಗಿಲು ತಟ್ಟಿದವನನ್ನು ಊರು ಮೂರು ತಲೆಮಾರು ಆಡಿಕೊಳ್ಳುತ್ತದೆ. ಮರ್ಯಾದಸ್ಥ ಸಿರಿಲ್ ದಿನ ಮತ್ತು ಹೊತ್ತಿಗಾಗಿ ಕಾದ. ಹೆಸ್ಟರ್ ಲಡ್ಲೋ ಗೋಪುರದ ಗಂಟೆಯವರಿಗೆ ಕಾರ್ಯದರ್ಶಿಯಾಗಿದ್ದಳು. ಊರೂರಿನ ಗೋಪುರಗಳ ಕಾರ್ಯದರ್ಶಿಗಳ ಹೆಸರಿನ ಪಟ್ಟಿ ವರ್ಷಕ್ಕೊಮ್ಮೆ ಅಚ್ಚಾಗಿ ಬಂದಾಗ ಮೊದಲು ತೆರೆಯುತ್ತಿದ್ದದ್ದು ಲಡ್ಲೋದ ಪುಟ. "ಮಿಸ್ ಎಚ್. ಯಾರ್ನಾಲ್ಡ್" ಎಂದೇ ಇದೆಯೆಂದು ಕಂಡು, ದೊಡ್ಡ ಉಸಿರು ಬಿಟ್ಟು, ಅಲ್ಲಿಂದ ಹತ್ತಿಪ್ಪತ್ತು ಮೈಲಿ ದೂರದ ಊರಿಗೆ ಯಾತ್ರೆ ನಿಗದಿ ಮಾಡುತ್ತಿದ್ದ.

ಈ ವರ್ಷ ಪಬ್ಬಿನಲ್ಲಿ ಯಾತ್ರೆಯ ಸಭೆ ಸೇರಿತು. ಸಿರಿಲ್ ನಕಾಶೆ ಹರಡಿ, "ಬ್ಯೂಡ್ಲಿಗೆ ಹೋಗೋಣ," ಅಂದ.

ನಾಲ್ಕನೆಯ ಹಗ್ಗದ ಬೆರಿಲ್ ಆಲೂಗೆಡ್ಡೆ ಚಿಪ್ಸು ಮುಕ್ಕುತ್ತ ನಕಾಶೆಯ ಮೇಲೆ ಬಗ್ಗಿದಳು. "ಅಲ್ಲ ಮಾರಾಯ, ಇಲ್ಲೊಂದು ತೂತು ಬಿಟ್ಟಿದೀಯಲ್ಲ! ಲಡ್ಲೋಗೆ ಏನಾಗಿದೆ? ಕೋಟೆ ಇದೆ, ಸಂತೆ ಇದೆ, ನಾಟಕ ಇದೆ, ಹೆಸರಾದ ಆ ಸಾಸೇಜ್ ಇದೆ!"

"ಅಲ್ಲಿ ಮೆಟ್ಟಿಲು ಜಾಸ್ತಿ."

"ಹೋದ ವರ್ಷದ ಊರಲ್ಲಿ ಲಿಫ್ಟ್ ಇತ್ತಾ?"

"ವ್ಯಾನ್ ನಿಲ್ಲಿಸೋಕೆ ಜಾಗ ಇಲ್ಲ."

"ಅಲ್ಲಿ ಜಾಗ ಇಲ್ವೋ, ನಿನ್ನ ಎದೇಲಿ ಧೈರ್ಯ ಇಲ್ವೋ? ಊರಿಗೆಲ್ಲ ಗೊತ್ತಿರೋ ಗುಟ್ಟು, ಪುಣ್ಯಾತ್ಮ."

ಮೇಜಿನ ಸುತ್ತ ಎಲ್ಲರೂ ತಮ್ಮ ತಮ್ಮ ಬಿಯರಿನೊಳಗೆ ಏನೋ ಹುಡುಕತೊಡಗಿದರು. ಸಿರಿಲ್ ಎಡಭುಜ ಉಜ್ಜಿಕೊಂಡ. ಅಂಚೆಚೀಲ ತಿಂದು ಮುಗಿಸಿದ ಭುಜ ಅದು. ಈ ಬೇಸಿಗೆ ಕಳೆದ ಮೇಲೆ ಹಗ್ಗ ಮುಟ್ಟಕೂಡದೆಂದು ಡಾಕ್ಟರು ಹೇಳಿ ವಾರವಾಗಿತ್ತು. ಹೆಸ್ಟರ್ ಹಿಡಿದ ಹಗ್ಗದ ಹಿಂದೆ ಇನ್ನೊಮ್ಮೆ ಬಾರಿಸಲು ಉಳಿದದ್ದು ಇದೊಂದೇ ಯಾತ್ರೆ.

"ಲಡ್ಲೋನೇ ಆಗ್ಲಿ," ಅಂದ, ಗಲ್ಲಿಗೇರುವವನ ದನಿಯಲ್ಲಿ.

ಪದ್ಧತಿಯಂತೆ ಅಲ್ಲಿನ ಕಾರ್ಯದರ್ಶಿಗೆ ಕಾಗದ ಹೋಗಬೇಕು. ಹನ್ನೊಂದು ಕಾಗದ ಹರಿದ. ಹನ್ನೆರಡನೆಯದರಲ್ಲಿ ಇದ್ದದ್ದಿಷ್ಟೇ: "ನಾವು ಆರು ಜನ. ಶನಿವಾರ ಹನ್ನೊಂದು ಗಂಟೆಗೆ ತಮ್ಮ ಗೋಪುರದಲ್ಲಿ ನಲವತ್ತು ನಿಮಿಷ ಬಾರಿಸಲು ಅನುಕೂಲವಾದೀತೇ?" ಉತ್ತರ ಅದಕ್ಕಿಂತ ಚಿಕ್ಕದು: "ಆದೀತು. ಎಚ್.ಯಾ." ಆ ಮಹಾಕಾವ್ಯವನ್ನು ಸಿರಿಲ್ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಒಂದು ತಿಂಗಳು ತಿರುಗಿದ.

ಆಮೇಲೆ ತಯಾರಾದ ಕಾರ್ಯಕ್ರಮಪಟ್ಟಿಯ ಮುಂದೆ ಯುದ್ಧದ ನೀಲನಕ್ಷೆ ಯಾವ ಮೂಲೆಗೆ! ಒಂಬತ್ತು ಗಂಟೆಗೆ ಕೋಟೆ. ಹತ್ತೂವರೆಗೆ ಚಹಾ. ಹನ್ನೊಂದಕ್ಕೆ ಗೋಪುರ, ಕೆಳಗೆ ಮೂರು ಗೆರೆ. ಭಾನುವಾರದ ಕಾಲಂ ಪೂರ್ತಿ ಖಾಲಿ. "ನಮ್ಮ ಸಂಸ್ಕೃತಿ ಶನಿವಾರ ಮಧ್ಯಾಹ್ನಕ್ಕೇ ಮುಗೀತಾ?" ಎಂದು ಬೆರಿಲ್ ಕೇಳಿದಾಗ ಸಿರಿಲ್ ಗೋಪುರದ ಕೆಳಗೆ ನಾಲ್ಕನೆಯ ಗೆರೆ ಎಳೆದ.

ಶನಿವಾರ ನಾವು ಕೋಟೆಯಲ್ಲಿ ಏನು ನೋಡಿದೆವೋ ದೇವರೇ ಬಲ್ಲ. ಸಿರಿಲ್ ನಮ್ಮನ್ನು ಕುರಿ ಅಟ್ಟಿದಂತೆ ಅಟ್ಟಿಕೊಂಡು ಹತ್ತೂಮುಕ್ಕಾಲಕ್ಕೇ ಗೋಪುರದ ಸುರುಳಿ ಮೆಟ್ಟಿಲು ಹತ್ತಿಸಿದ. ಮೇಲೆ ಹಗ್ಗಗಳ ನಡುವೆ ನರೆತ ಕೂದಲಿನ ಹೆಂಗಸೊಬ್ಬಳು ನಿಂತಿದ್ದಳು.

"ಬೇಗ ಬಂದ್ರಿ, ಹಾಬ್ಡೇ ಅವ್ರೇ," ಅಂದಳು.

ಈಗ ನಮ್ಮಲ್ಲಿ ಮೂರನೆಯ ಹಗ್ಗ ಹಿಡಿಯುವವನು, ದೇವರು ಅವನಿಗೆ ಒಳ್ಳೆಯದು ಮಾಡಲಿ, ತಟ್ಟನೆ ಮಂಡಿನೋವೆಂದು ಬೆಂಚಿನ ಮೇಲೆ ಕುಳಿತ. ಹೆಸ್ಟರ್ ಮೂರರ ಹಗ್ಗ ಹಿಡಿದಳು. ನಲವತ್ತು ನಿಮಿಷ ಬಾರಿಸಿದೆವು. ಇಷ್ಟು ವರ್ಷ ಸಿರಿಲ್ ಪ್ರತಿ ಸುತ್ತಿನಲ್ಲೂ ಕೂದಲೆಳೆಯಷ್ಟು ತಡ ಮಾಡುತ್ತಿದ್ದ, ಇಲ್ಲದ ಯಾರಿಗೋ ಕಾಯುವವನಂತೆ. ಆ ಬೆಳಗ್ಗೆ ಒಮ್ಮೆಯೂ ತಡವಾಗಲಿಲ್ಲ.

ಹಗ್ಗ ಕಟ್ಟಿಟ್ಟ ಮೇಲೆ ಅವಳು ಕೇಳಿದಳು. "ಟೆನ್‌ಬರಿಗೆ ಬಂದಿದ್ರಂತೆ. ಕ್ಲನ್‌ಗೂ ಬಂದಿದ್ರಂತೆ. ಎಲ್ಲಾ ಸುದ್ದಿ ಬರ್ತಿತ್ತು. ನಾನು ಬನ್ನಿ ಅಂದಿದ್ದೆನಲ್ಲ?"

"ಅಂದಿದ್ರಿ. ಮರ್ಯಾದೆಗೆ ಅಂದಿದ್ದು ಅನ್ಕೊಂಡೆ."

"ಮರ್ಯಾದೆಗೇ ಅಂದಿದ್ದು," ಎಂದಳು ಹೆಸ್ಟರ್. "ಮೊದಲ ಎರಡು ವರ್ಷ ಅದು ಹಾಗೇ ಇತ್ತು. ಆಮೇಲೆ ನಿಜ ಆಯ್ತು. ನಿಜ ಆಗಿದೆ ಅಂತ ಕಾಗದ ಬರೆಯೋದಾದ್ರೂ ಹೇಗೆ?"

ನಾವು ಐದೂ ಜನ ಗೋಪುರದ ಛಾವಣಿಯ ಮರಗೆಲಸವನ್ನು ಮೆಚ್ಚುತ್ತ ನಿಂತೆವು. ಅದರಲ್ಲಿ ಮೆಚ್ಚುವಂಥದ್ದೇನೂ ಇರಲಿಲ್ಲ.

"ಇನ್ನು ನಾನು ಬಾರಿಸೋ ಹಾಗಿಲ್ಲ," ಎಂದ ಸಿರಿಲ್. "ಭುಜ ಹೋಯ್ತು. ಇದೇ ಕೊನೆ."

"ಹಾಗಾದ್ರೆ ಬಾರಿಸೋಕೆ ಬರಬೇಡಿ. ಮಂಗಳವಾರ ಬನ್ನಿ. ನಾಲ್ಕು ಗಂಟೆಗೆ. ಚಹಾಕ್ಕೆ." ಅವಳು ಕೈಚೀಲವನ್ನು ಎತ್ತಿಕೊಂಡಳು. "ದಿನಾನೂ ಹೇಳಿದೀನಿ, ಹೊತ್ತೂ ಹೇಳಿದೀನಿ."

ಭಾನುವಾರ ಸಂಜೆ ವ್ಯಾನು ಊರ ಕಡೆ ತಿರುಗಿತು. ಲಡ್ಲೋದ ಗೋಪುರ ಗುಡ್ಡದ ಹಿಂದೆ ಮರೆಯಾಗುವವರೆಗೂ ಸಿರಿಲ್ ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದ. ಮರೆಯಾದ ಮೇಲೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಪೆನ್ಸಿಲ್ ತೆಗೆದು ಬಸ್ಸಿನ ವೇಳಾಪಟ್ಟಿಯ ಮೇಲೆ ಗೆರೆ ಎಳೆಯಲು ಶುರುಮಾಡಿದ.

"ಒಂದು ಲೋಟ ಚಹಾ ಕುಡಿಯೋಕೂ ಯೋಜನೆನಾ?" ಬೆರಿಲ್ ಮುಂದಿನ ಸೀಟಿನಿಂದ ಕೂಗಿದಳು.

"ಎರಡು ಬಸ್ ಬದಲಾಯಿಸಬೇಕು," ಎಂದ ಸಿರಿಲ್, ತಲೆಯೆತ್ತದೆ. "ಒಂದು ತಪ್ಪಿದ್ರೂ ತಡ ಆಗತ್ತೆ. ಆಗಿರೋ ತಡಾನೇ ಸಾಕು."