ತಿಳಿನೀರಿನ ತಿಂಗಳು

ಪಕ್ಕದ ನಿವೇಶನದಲ್ಲಿ ಮನೆ ಕಟ್ಟುತ್ತಿದ್ದಾರೆ. ಹೋದ ವಾರ ಲಾರಿಯೊಂದು ಹಸಿ ಮರಳು ಸುರಿದು ಹೋಯಿತು. ಕಿಟಕಿಯಿಂದ ಆ ವಾಸನೆ ಒಳಗೆ ಬಂದದ್ದೇ ತಡ, ನಾನು ಎದ್ದು ನಿಂತಿದ್ದೆ. ಓಡಬೇಕು ಅನ್ನಿಸಿತ್ತು. ಎಲ್ಲಿಗೆ ಎಂದು ಗೊತ್ತಿರಲಿಲ್ಲ...

ತೊಂಬತ್ತರ ದಶಕದ ಕೊನೆಯಲ್ಲಿ ಹರಪನಹಳ್ಳಿಯಲ್ಲಿ ಬಿ.ಎ. ಓದುವಾಗ ನಮಗೊಬ್ಬ ಕನ್ನಡ ಮೇಷ್ಟ್ರಿದ್ದರು. ಕವಿಗಳು ತಿಂಗಳುಗಳನ್ನು, ಋತುಗಳನ್ನು ಬಣ್ಣಿಸುವ ರೀತಿಯೆಂದರೆ ಅವರಿಗೆ ಪ್ರಾಣ. ಅಷ್ಟೇ ತಕರಾರು ಕೂಡ. ಪಾಠ ಮಾಡುತ್ತಲೇ ಕವಿಗಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು.

"ಆಷಾಢ ಅಂದ್ರ ಇವರಿಗೆ ಮೋಡ, ನವಿಲು. ನಮಗೇನೈತಿ? ಬರೇ ಗಾಳಿ, ಕಣ್ಣಾಗ ಮಣ್ಣು. ಚೈತ್ರದಾಗ ತಂಗಾಳಿ ಅಂತ! ಬಂದು ನಮ್ಮ ಬಸ್‌ಸ್ಟ್ಯಾಂಡಿನಾಗ ನಿಂದ್ರು ಅನ್ರಿ."

ತರಗತಿ ನಗುತ್ತಿತ್ತು. ಶರದೃತುವಿಗೆ ಬಂದಾಗ ಮಾತ್ರ ಅವರ ದನಿ ಮೆತ್ತಗಾಗುತ್ತಿತ್ತು. ತೊಳೆದಿಟ್ಟಂಥ ಆಕಾಶ, ಬಿಳಿ ಮೋಡ, ತಿಳಿಯಾಗಿ ಇಳಿದ ಹೊಳೆ... ಇದೊಂದನ್ನು ಕವಿಗಳು ನಮ್ಮ ಸೀಮೆ ನೋಡಿಯೇ ಬರೆದಿದ್ದಾರೆ ಎನ್ನುತ್ತಿದ್ದರು.

ಆ ವರ್ಷದ ಆಶ್ವಯುಜದಲ್ಲಿ ನಮ್ಮನ್ನು ನೀಲಗುಂದದ ಗುಡಿ ತೋರಿಸಲು ಕರೆದೊಯ್ದರು. ಹಸ್ತಾ ಮಳೆ ಕೆಲವು ದಿನ ಸುರಿದು ಅಂದು ಬಿಡುವು ಕೊಟ್ಟಿತ್ತು. ಮರಳುವಾಗ ದಾರಿಯ ಹಳ್ಳದಲ್ಲಿ ಊಟಕ್ಕೆ ಇಳಿದೆವು. ನಡುವೆ ಸಣ್ಣ ಹರಿವು, ಎರಡೂ ಕಡೆ ಮರಳು. ಹರಿಯುವ ನೀರನ್ನು ಕುಡಿಯದೆ, ಮರಳಿನಲ್ಲಿ ಒರತೆ ತೋಡಿ, ಸೋಸಿ ಬಂದ ನೀರು ಕುಡಿಯುವುದು ನಮ್ಮ ಕಡೆಯ ರೂಢಿ. ಮೇಷ್ಟ್ರೇ ಪ್ಯಾಂಟು ಮಡಚಿ ಮೊಣಕಾಲೂರಿ ತೋಡಿದರು. ಗುಂಡಿಯ ನೀರು ತಿಳಿಯಾಗುವವರೆಗೆ ಕಾದು, ಆಮೇಲೆ ತಲೆಯೆತ್ತಿ ಆಕಾಶ ನೋಡಿದರು.

ನಮ್ಮ ಗುಂಪಿನಲ್ಲೊಬ್ಬಳು ಬಾಯಿಬಡುಕಿ ಹುಡುಗಿಯಿದ್ದಳು. "ಸರ್, ಇವತ್ತರ ಕವಿಗಳು ಪಾಸಾದ್ರೇನ್ರಿ?" ಎಂದಳು.

"ಪಾಸವ್ವಾ, ಫಸ್ಟ್ ಕ್ಲಾಸ್ ಪಾಸು!"

ಊಟ ಮುಗಿಯುವಷ್ಟರಲ್ಲಿ ಒರತೆಯ ನೀರು ತಾನಾಗಿಯೇ ಏರಿ, ಅಂಚು ಕುಸಿದು ಕೆಂಪಗಾಯಿತು. "ಏ, ಕಾಲಿಟ್ಟು ಕದಡಿದಿ ಏನ ನೀನು?" ಎಂದು ಅವಳನ್ನೇ ಬೈದೆವು. ಆಗ ಸದ್ದು ಕೇಳಿತು. ಕಲ್ಲುಗಳು ಉರುಳುವ ಸದ್ದು. ಮೇಲೆ, ದೂರದ ಗುಡ್ಡಗಳ ಕಡೆ, ನಮಗೆ ಕಾಣದ ಮಳೆ ಬಿದ್ದಿತ್ತು.

"ಹಳ್ಳ ಬಂತ್ರಲೇ! ದಂಡಿ ಹತ್ರಿ!" ಮೇಷ್ಟ್ರು ಕೂಗಿದರು.

ಎಲ್ಲರೂ ಹತ್ತಿದೆವು. ಆ ಹುಡುಗಿ ಮಾತ್ರ ಕೆಳಗೇ ಉಳಿದಳು. ಸಡಿಲಾದ ಮರಳಿನಲ್ಲಿ ಅವಳ ಕಾಲು ಹೂತಿತ್ತು. ಅರ್ಧ ಹತ್ತಿದ್ದ ಮೇಷ್ಟ್ರು ಮತ್ತೆ ಇಳಿದರು. ಅವಳನ್ನು ಕಿತ್ತೆತ್ತಿ ದಂಡೆಗೆ ನೂಕಿದರು. ನಾನು ಬೋರಲು ಮಲಗಿ ಅವಳ ತೋಳು ಹಿಡಿದೆ.

"ಬಿಡಬ್ಯಾಡಲೇ ಆಕೀನ್ನ!"

ಅದೇ ಮೇಷ್ಟ್ರ ಕೊನೆಯ ಮಾತು. ಅವಳನ್ನು ಮೇಲಕ್ಕೆಳೆದುಕೊಳ್ಳುವಷ್ಟರಲ್ಲಿ ಕೆಂಪು ನೀರು ಅವರ ಎದೆಗೆ ಬಂತು. ಆಮೇಲೆ... ಅಲ್ಲಿ ಯಾರೂ ಇರಲಿಲ್ಲ.

ಮರುದಿನ ಕೆಳಗಿನ ಊರಿನವರಿಗೆ ಜಾಲಿ ಪೊದೆಯಲ್ಲಿ ಸಿಕ್ಕಿದರು.

ಕಣ್ಣು ಮುಚ್ಚಿದರೆ ನೀರಿಗಿಂತ ಮೊದಲು ಬರುವುದು ಅಂದಿನ ಆಕಾಶ. ನಾವು ದಂಡೆಯ ಮೇಲೆ ಅವರನ್ನು ಕೂಗಿ ಕರೆಯುತ್ತ ನಿಂತಿದ್ದಾಗಲೂ ಅದು ತಿಳಿಯಾಗಿಯೇ ಇತ್ತು. ಒಂದೆರಡು ಬಿಳಿ ಮೋಡ... ಪುಸ್ತಕದಲ್ಲಿದ್ದ ಹಾಗೆಯೇ.

ಈಗ ನಾನೂ ಕನ್ನಡ ಕಲಿಸುತ್ತೇನೆ. ಶರದೃತುವಿನ ವರ್ಣನೆ ಬಂದಾಗ ಹುಡುಗರಿಗೇ ಓದಲು ಹೇಳಿ ಗೋಡೆಗೆ ಒರಗಿ ನಿಲ್ಲುತ್ತೇನೆ. ಅವರು ಓದಿ ಮುಗಿಸಿದ್ದೂ ಗೊತ್ತಾಗುವುದಿಲ್ಲ.

"ಸರ್, ಮುಂದ?" ಎನ್ನುತ್ತಾರೆ.

ಮುಂದೆ ಹೇಮಂತ. ಅದನ್ನು ಮೇಷ್ಟ್ರು ನಮಗೆ ಕಲಿಸಲೇ ಇಲ್ಲ.