ಬ್ರೇಕು ಒತ್ತುವ ಕಾಲು

ಬ್ರೇಕು ಕಂಡರೆ ಒತ್ತಿಯೇ ತೀರುವ ಕಾಲು ನನ್ನದು. ಬೇರೆಯವರ ಜೀಪಿನಲ್ಲಿ ಪಕ್ಕಕ್ಕೆ ಕೂತಾಗಲೂ ಅದು ಸುಮ್ಮನೆ ನೆಲ ತುಳಿಯುತ್ತಿರುತ್ತದೆ. ಇದೊಂದು ರೋಗವೆಂದು ಚಿಂತಾಮಣಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾದ ನನಗೆ ತಿಳಿದದ್ದು ತೊಂಬತ್ತರ ದಶಕದಲ್ಲಿ, ನನ್ನ ಹೆಂಡತಿ ಸರೋಜ ಹುರುಳಿಯ ಮೇಲೆ ಬಿದ್ದ ದಿನ.

ನಮ್ಮ ಕಡೆ ಸುಗ್ಗಿ ಬಂತೆಂದರೆ ಟಾರು ರಸ್ತೆಯೇ ಕಣ. ಹುರುಳಿ ಗಿಡ ಹರಡಿಬಿಟ್ಟರೆ ಓಡಾಡುವ ಬಸ್ಸುಗಳೇ ಒಕ್ಕಿ ಕೊಡುತ್ತವೆ. ಸರೋಜಳ ತವರು ದಿಬ್ಬೂರಹಳ್ಳಿಗೆ ಸ್ಕೂಟರಿನಲ್ಲಿ ಹೊರಟಿದ್ದ ನಾನು ಆ ಹುರುಳಿ ಕಂಡು ಗಾಬರಿಬಿದ್ದು, ಸರಿಯಾಗಿ ಅದರ ಮೇಲೆಯೇ ಬ್ರೇಕು ಒತ್ತಿದೆ. ನಾನೊಂದು ಕಡೆ, ಸ್ಕೂಟರೊಂದು ಕಡೆ. ಸರೋಜ ಹುರುಳಿ ರಾಶಿಯ ಮೇಲೆ ಕೂತಿದ್ದಳು. ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ.

"ಇನ್ನು ನಿಮ್ಮ ಹಿಂದೆ ಕೂತ್ರೆ ಕೇಳಿ!" ಅಂದವಳು ಆಮೇಲೆ ತಿಂಗಳುಗಟ್ಟಲೆ ಬಸ್ಸಿನಲ್ಲೇ ಹೋದಳು. ಹೆಂಡತಿ ಕೂತ ಬಸ್ಸಿನ ಹಿಂದೆ ಹೊಗೆ ಕುಡಿಯುತ್ತಾ ಒಬ್ಬನೇ ಸ್ಕೂಟರಿನಲ್ಲಿ ಹೋಗುವ ಗಂಡನ ಪಾಡು ಯಾರಿಗೂ ಬೇಡ. ಅವಳು ಮತ್ತೆ ಬಂದು ಹಿಂದೆ ಕೂರಬೇಕು, ಅಷ್ಟೇ ನನಗೆ ಬೇಕಾಗಿದ್ದುದು.

ಅದೇ ದಿನಗಳಲ್ಲಿ ಗೆಳೆಯ ವೆಂಕಟರವಣಪ್ಪ ಪೇಟೆಯಲ್ಲಿ ಕಂಪ್ಯೂಟರ್ ಸೆಂಟರ್ ತೆರೆದ. ಅಲ್ಲಿದ್ದ ಯುದ್ಧವಿಮಾನದ ಆಟ ನನ್ನನ್ನು ಹಿಡಿದು ಕೂರಿಸಿತು. ವಿಮಾನ ಏರಿಸುವುದು ಸಲೀಸು, ಇಳಿಸುವುದೇ ಫಜೀತಿ. ಚಕ್ರ ನೆಲ ಮುಟ್ಟಿತೋ ಇಲ್ಲವೋ, ನನ್ನ ಬೆರಳು ಬ್ರೇಕಿನ ಕೀಲಿ ಅದುಮಿಬಿಡುತ್ತಿತ್ತು. ಮೂಗು ದಬಕ್ಕನೆ ಕುಸಿದು, ಟೈರು ಸಿಡಿದು, ವಿಮಾನ ಪಕ್ಕದ ಹುಲ್ಲಿನಲ್ಲಿ.

"ನಿದಾನಂಗಾ ಮೇಷ್ಟ್ರೇ, ನಿದಾನಂಗಾ!" ಸಿಟ್ಟು ಬಂದರೆ ವೆಂಕಟರವಣಪ್ಪನಿಗೆ ತೆಲುಗು ಬರುತ್ತದೆ. "ಹಿಂದಿನ ಚಕ್ರದ ಮೇಲೇ ಓಡ್ಲಿ, ಮೂಗು ಎತ್ತಿಟ್ಕೊಳ್ಳಿ. ಮೊದ್ಲು ಗಾಳಿ ತಡೀತದೆ. ವೇಗ ಇಳಿದ್ರೆ ಮೂಗೂ ಇಳೀತದೆ. ಬ್ರೇಕು ಆಮೇಲಪ್ಪ, ಅದೂ ಮೆತ್ತಗೆ!"

ಎಷ್ಟು ಸರಿ! ಕೆರೆಗಿಳಿಯುವ ಬೆಳ್ಳಕ್ಕಿಯೂ ಎದೆಯೆತ್ತಿ, ರೆಕ್ಕೆ ಹರಡಿ ಗಾಳಿಗೆ ಒರಗುತ್ತದೆ, ಕಾಲೂರುವುದು ಆಮೇಲೆ. ವೇಗ ಅರ್ಧವಾದರೆ ಚಲನಶಕ್ತಿ ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುತ್ತದೆಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು ನಾನು. ಪಾಠ ಹಿಂದಿನ ಬೆಂಚಿನ ತನಕ ಮುಟ್ಟುತ್ತಿತ್ತು, ನನ್ನ ಕಾಲಿನ ತನಕ ಮಾತ್ರ ಮುಟ್ಟಿರಲಿಲ್ಲ.

ಎಷ್ಟು ವಿಮಾನ ಹಾಳುಗೆಡವಿದೆನೋ ದೇವರಿಗೇ ಗೊತ್ತು. ಕೊನೆಗೊಂದು ಸಂಜೆ, ಬ್ರೇಕು ಒತ್ತುವ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಇಳಿಸಿದೆ. ವಿಮಾನ ಮೂಗೆತ್ತಿಕೊಂಡೇ ಓಡಿತು, ಸುಸ್ತಾಯಿತು, ತಲೆ ಬಗ್ಗಿಸಿತು. ಆಗ ಕೈ ಬಿಡಿಸಿಕೊಂಡು ಮೆಲ್ಲಗೆ ಒತ್ತಿದೆ. ನಿಂತಿತು! ವೆಂಕಟರವಣಪ್ಪ ಖುಷಿಗೆ ಟೀ ತರಿಸಿದ.

ಸರೋಜಳಿಗೆ ಹೇಳಿದರೆ, "ಕಂಪ್ಯೂಟರ್ ಒಳಗೆ ಬಿದ್ರೆ ಮಂಡಿ ತರಚಲ್ವಲ್ಲ, ಬಿಡಿ" ಅಂದಳು.

ಆದರೆ ಮರುವಾರ ದಿಬ್ಬೂರಹಳ್ಳಿಯಿಂದ ಅವಳಪ್ಪ ಹೇಳಿಕಳಿಸಿದರು: ರೇಷ್ಮೆ ಹುಳು ಹಣ್ಣಾಗಿವೆ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಲು ಕೈ ಸಾಲದು, ಕೂಡಲೇ ಬನ್ನಿ. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗಂಟೆ ಕಾದರೂ ಬಸ್ಸು ಬರಲಿಲ್ಲ. ಸರೋಜ ಬೇರೆ ದಾರಿಯಿಲ್ಲದೆ ಸ್ಕೂಟರ್ ಹತ್ತಿದಳು. ಒಂದು ಕೈ ಸ್ಟೆಪ್ನಿ ಟೈರಿನ ಮೇಲೆ, ಇನ್ನೊಂದರ ಉಗುರು ನನ್ನ ಹೆಗಲಿನೊಳಗೆ.

ಮುಂದೆ ಹಂಪು ಬಂತು. ದೂರದಿಂದಲೇ ಆಕ್ಸಿಲರೇಟರ್ ಬಿಟ್ಟೆ, ಗಾಳಿ ತಡೆಯಿತು. ಕುರಿಮಂದೆ ಬಂತು, ಹಾಗೇ ಮಾಡಿದೆ. ಕೆರೆ ಏರಿಯ ತಿರುವಿನಲ್ಲಿ ಕಾಲು ಬ್ರೇಕಿನ ಮೇಲೆ ಸುಮ್ಮನೆ ಕೂತಿತ್ತು.

ಊರು ಹತ್ತಿರವಾದಾಗ ಹಿಂದಿನಿಂದ ಚಟ್ ಚಟ್ ಎಂದು ಸದ್ದು. ಸ್ಕೂಟರಿಗೇನಾಯಿತಪ್ಪಾ ಎಂದುಕೊಳ್ಳುವಷ್ಟರಲ್ಲಿ, "ರೀ, ಬಾಯಿ ತೆಗೀರಿ" ಅಂದಳು. ಬಸ್ಸಿಗೆ ಕಾಯುತ್ತಾ ಕೊಂಡಿದ್ದ ಹುರಿದ ಕಡಲೆಕಾಯಿಯ ಬೀಜವೊಂದು ಹೆಗಲ ಮೇಲಿಂದ ಬಂದು ನನ್ನ ಬಾಯಿಗೆ ಬಿತ್ತು.

ಅಗಿಯುತ್ತಾ ಹೊಳೆಯಿತು, ಕಡಲೆಕಾಯಿ ಸುಲಿಯಲು ಎರಡೂ ಕೈ ಬೇಕು.