ಕಪ್ಪು ಐದರ ಮೇಷ್ಟ್ರು

ನನ್ನ ಅಪ್ಪನನ್ನು ಊರೆಲ್ಲ ಹೊಗಳುತ್ತದೆ. ಹೊಗಳಲಿ, ಊರಿಗೇನು ನಷ್ಟ? ಅವರ ಪಾಠಕ್ಕೆ ಮನೆಯಲ್ಲೇ ಕೂತು ಅನುಭವಿಸಿದವಳು ನಾನು.

ಹನ್ನೊಂದನೇ ವಯಸ್ಸಿಗೇ ನಾಟಕ ಕಂಪನಿ ಸೇರಿದ ಮನುಷ್ಯ. ಕಂಪನಿಗಿದ್ದ ಒಂದೇ ಮೈಕು ದಿನಾ ಕೈ ಕೊಡುತ್ತಿತ್ತಂತೆ. ಹಿಂದಿನ ಬೆಂಚಿನವನಿಗೂ ಕೇಳಬೇಕೆಂದರೆ ಶ್ರುತಿ ಏರಿಸಿ ಹಾಡಬೇಕು. ಅಪ್ಪ ಹಾರ್ಮೋನಿಯಂನ ಐದನೇ ಕಪ್ಪು ಕೀಯನ್ನು ಆಧಾರವಾಗಿ ಹಿಡಿದರು. ಗಂಡಸರಲ್ಲಿ ಅಷ್ಟು ಮೇಲೆ ಹಾಡುವವರು ಅಪರೂಪ, ಅದಕ್ಕೇ ‘ಕಪ್ಪು ಐದು’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಕಂಪನಿ ಮುಚ್ಚಿದ ಮೇಲೆ ಶಾಲೆಯಲ್ಲಿ ಹಾಡು, ನಾಟಕ ಕಲಿಸುವ ಮೇಷ್ಟ್ರಾದರು. ಅಲ್ಲಿ ಮೂರು ಮೈಕುಗಳಿದ್ದವು. ಆದರೂ ಮೂವತ್ತೊಂದು ವರ್ಷ ಮಕ್ಕಳನ್ನೆಲ್ಲ ಅದೇ ಐದಕ್ಕೆ ಎಳೆದು ನಿಲ್ಲಿಸಿದರು.

ಅವರಿಗೆ ಕೆಲಸ ಬರುತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ, ನಾನೂ ಹೇಳುವುದಿಲ್ಲ. ಮಾತು ಬಾರದಂತೆ ಮುದುಡಿಕೊಂಡ ಹುಡುಗಿಯನ್ನು ರಂಗದ ಮೇಲೆ ರಾಣಿಯ ಹಾಗೆ ನಡೆಸುತ್ತಿದ್ದರು. ಮೀಸೆ ಬರೆಯುವುದು, ಪರದೆ ಹೊಲಿಯುವುದು ಎಲ್ಲಾ ಅವರೇ. ಆದರೆ ಹಾಡಿಗೆ ಕೂತರೆ ದಯೆ ದಾಕ್ಷಿಣ್ಯ ಒಂದೂ ಇಲ್ಲ. “ಎತ್ತು, ಇನ್ನೂ ಎತ್ತು, ಏನು ಉಪವಾಸ ಇದ್ದೀಯಾ?”

ನನ್ನದು ಹುಟ್ಟಾ ತಗ್ಗು ದನಿ. ಹದಿನಾಲ್ಕರಲ್ಲಿ ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ನಾಲ್ಕು ತಿಂಗಳು ಅವರ ಶ್ರುತಿಯಲ್ಲಿ ಕಿರುಚಿದೆ. ನಾಟಕ ಮುಗಿದ ವಾರಕ್ಕೆ ಗಂಟಲು ಕಟ್ಟಿತು, ಮತ್ತೆ ಬಿಡಲೇ ಇಲ್ಲ. ಗಂಟಲಲ್ಲಿ ಗಂಟುಗಳಾಗಿವೆ ಎಂದರು ಡಾಕ್ಟರು. ಹೆಚ್ಚು ಮಾತು ಬೇಡದ ಕೆಲಸವೆಂದೇ ಕಚೇರಿಯಲ್ಲಿ ಟೈಪಿಸ್ಟ್ ಆದೆ. ಫೋನ್ ಎತ್ತಿದರೆ ಜನ ಇವತ್ತಿಗೂ ‘ಸಾರ್’ ಅನ್ನುತ್ತಾರೆ. ಅಮ್ಮ ಸಾಯುವವರೆಗೂ ಒಂದೇ ಮಾತು ಹೇಳಿದಳು: “ಪಾಪ, ಹೀಗಾಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ ಕಣೆ.” ಆ ಒಂದು ಮಾತಿನ ಮೇಲೆಯೇ ನಾನು ಅವರಿಗೆ ಇಷ್ಟು ವರ್ಷ ಅನ್ನ ಬಡಿಸಿದ್ದೇನೆ.

ಈಗ ನನ್ನ ಮಗಳಿಗೆ ಒಂಬತ್ತು. ಶಾಲೆಯ ನಾಟಕದ ಮೊದಲ ಹಾಡು ಅವಳ ಪಾಲಿಗೆ ಬಂತು. ಅಜ್ಜನೇ ಕಲಿಸಬೇಕೆಂದು ಹಟ ಹಿಡಿದಳು. ಅವಳದೂ ನನ್ನ ಹಾಗೆ ತಗ್ಗು ದನಿ. ಶ್ರುತಿ ಇಳಿಸುವುದಾದರೆ ಮಾತ್ರ ಕಲಿಸಿ ಎಂದೆ. ಅಪ್ಪ ತಲೆಯಾಡಿಸಿದರು.

ಮೊನ್ನೆ ಕಚೇರಿಯಿಂದ ಒಂದು ಗಂಟೆ ಮುಂಚೆ ಮನೆಗೆ ಬಂದೆ. ಮುಂದಿನ ಕೋಣೆಯಲ್ಲಿ ಪಾಠ ನಡೆದಿತ್ತು. ಬಾಗಿಲಲ್ಲೇ ನಿಂತೆ. ಅಪ್ಪ ಮೊದಲು ತಾವು ಹಾಡಿ ತೋರಿಸಿದರು. ಎರಡನೇ ಕಪ್ಪು ಕೀ ಒತ್ತಿ, ಆರಾಮಾಗಿ, ಎಷ್ಟು ಚೆನ್ನಾಗಿ! ಆಮೇಲೆ “ಈಗ ನೀನು” ಎಂದು ಬೆರಳನ್ನು ಬಲಕ್ಕೆ ಸರಿಸಿ ಐದರ ಮೇಲಿಟ್ಟರು. ಮಗಳು ಕತ್ತಿನ ನರ ಉಬ್ಬಿಸಿಕೊಂಡು ಹಾಡಿದಳು, ಮೇಲಕ್ಕೆ ಹೋಗುತ್ತಿದ್ದಂತೆ ದನಿ ಒಡೆಯಿತು. “ಎತ್ತು!” ಎಂದರು.

ಚಪ್ಪಲಿ ಬಿಟ್ಟು ಒಳಗೆ ಬಂದೆ.

“ಅಪ್ಪ, ನೀವು ಹಾಡುವಾಗ ಎರಡಕ್ಕೆ ಯಾಕೆ ಇಳಿಸಿದ್ರಿ?”

ಬೆಚ್ಚಿ ತಿರುಗಿದರು. “ನನಗೆ ಎಪ್ಪತ್ನಾಲ್ಕು ಕಣೆ. ಐದರಲ್ಲಿ ಹಾಡಿದ್ರೆ ಗಂಟಲು ಹರಿದುಹೋಗುತ್ತೆ.”

“ಹರಿದುಹೋಗುತ್ತೆ ಅಂತ ಯಾವಾಗಿಂದ ಗೊತ್ತು?”

ಅಪ್ಪ ಹಾರ್ಮೋನಿಯಂನ ತಿದಿ ಮುಚ್ಚಿದರು. ಕೊಕ್ಕೆ ಹಾಕಿದರು. “ಕಂಪನಿಯಲ್ಲೇ ಇಬ್ಬರು ಹುಡುಗರ ದನಿ ಹೋಗಿತ್ತು,” ಎಂದರು.

“ಹಾಗಾದ್ರೆ ನನಗೆ ಕಲಿಸೋವಾಗ?”

“ವಾರ್ಷಿಕೋತ್ಸವ ಹತ್ತಿರ ಬಂದಿತ್ತಲ್ಲ,” ಎಂದರು, ಏನೋ ಸಣ್ಣ ವಿಷಯ ನೆನಪಿಸುವವರಂತೆ. “ಅಷ್ಟು ಹೊತ್ತಿಗೆ ಇನ್ನೊಬ್ಬಳನ್ನ ಎಲ್ಲಿಂದ ತರೋದು?”

ಅಮ್ಮ ಇದ್ದಿದ್ದರೆ ಅವಳನ್ನೂ ಕರೆದು ಕೇಳಿಸುತ್ತಿದ್ದೆ. ಮಗಳ ಪುಸ್ತಕ ಎತ್ತಿಕೊಂಡು ಅವಳ ಕೈ ಹಿಡಿದು ಹೊರಗೆ ನಡೆದೆ. ಮೆಟ್ಟಿಲಿಳಿಯುವಾಗ ಅವಳು ಹಿಂದೆ ತಿರುಗಿ ನೋಡಿದಳು.

“ಅಮ್ಮಾ, ಅಜ್ಜನಿಗೆ ಬೇಜಾರಾಗುತ್ತೆ.”

“ಆಗಲಿ,” ಎಂದೆ.